ನಡಿಗೆಯ ವೇಗದ ದೋಣಿಯಲ್ಲಿ ಏನೇನಿರಬೇಕು

ಇಂಗ್ಲೆಂಡಿನ ಬಹುತೇಕ ಕಾಲುವೆಗಳಲ್ಲಿ ದೋಣಿಯ ವೇಗಮಿತಿ ಗಂಟೆಗೆ 4 ಮೈಲಿ. ದಡಕ್ಕೆ ಕಟ್ಟಿದ ದೋಣಿಗಳ ಸಾಲು ಬಂದಾಗ ಇನ್ನೂ ನಿಧಾನಿಸಬೇಕು, ಇಲ್ಲದಿದ್ದರೆ ನಮ್ಮ ದೋಣಿ ಎಬ್ಬಿಸುವ ನೀರಿನ ಸೆಳೆತಕ್ಕೆ ಅವರ ಗೂಟಗಳು ಕಿತ್ತು ಬರುತ್ತವೆ. ನಡುನಡುವೆ ಲಾಕ್‌ಗಳು, ಅಂದರೆ ಎರಡೂ ತುದಿಗೆ ಗೇಟಿರುವ ನೀರಿನ ತೊಟ್ಟಿಗಳು, ಬರುತ್ತವೆ; ಗೇಟು ಮುಚ್ಚಿ, ನೀರು ತುಂಬಿಸಿ ಅಥವಾ ಖಾಲಿ ಮಾಡಿ, ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಸಾಗಿಸಲು ಪ್ರತಿಯೊಂದರಲ್ಲೂ ಹೊತ್ತು ಹಿಡಿಯುತ್ತದೆ. ದಾರಿಯ ಮೈಲಿಗಳನ್ನೂ ಲಾಕ್‌ಗಳನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಪ್ರಯಾಣಕ್ಕೆ ಬೇಕಾಗುವ ಗಂಟೆಗಳು ಸಿಗುತ್ತವೆ ಎಂಬುದು ಇಲ್ಲಿನ ದೋಣಿಯವರ ಬಾಯಿಲೆಕ್ಕ. ಹತ್ತು ಮೈಲಿ ಮತ್ತು ಎಂಟು ಲಾಕ್ ಎಂದರೆ ಆರು ಗಂಟೆ. ಹೀಗಾಗಿ ಬಿಡಿಭಾಗದ ಅಂಗಡಿ ಹನ್ನೆರಡು ಮೈಲಿ ಆಚೆಗಿದ್ದರೆ ಕಾರಿನಲ್ಲಿ ಹೋಗುವವರಿಗೆ ಅದು ಅರ್ಧ ಗಂಟೆಯ ಮಾತು, ನಮಗೆ ಹೆಚ್ಚುಕಡಿಮೆ ಒಂದು ದಿನದ ಪ್ರಯಾಣ, ಅದೂ ದೋಣಿ ಓಡುವ ಸ್ಥಿತಿಯಲ್ಲಿದ್ದರೆ. ದೋಣಿಯಲ್ಲಿ ಏನನ್ನು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ನಾನು ಉತ್ತರ ಹುಡುಕುವುದು ಈ ಲೆಕ್ಕದಿಂದಲೇ.

ಎಲ್ಲವನ್ನೂ ಇಟ್ಟುಕೊಳ್ಳೋಣ ಎಂದರೆ ಜಾಗವಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಮತ್ತು ಅವರ ಜೊತೆಯವರು ಮಧ್ಯ ಇಂಗ್ಲೆಂಡಿನ ಕಾಲುವೆಗಳಿಗೆ ಸುಮಾರು ಏಳಡಿ ಅಗಲದ ಲಾಕ್‌ಗಳನ್ನು ಕಟ್ಟಿದರು. ಅದರಲ್ಲಿ ತೂರಬೇಕಾದ ನ್ಯಾರೋಬೋಟ್ ಎಂಬ ಕಿರಿದಾದ ಕಾಲುವೆ ದೋಣಿ ಇಂದಿಗೂ 6 ಅಡಿ 10 ಇಂಚು ಅಗಲವೇ ಇರುತ್ತದೆ. ಉದ್ದ ಐವತ್ತೇಳು ಅಡಿ ಇರಲಿ, ಎಪ್ಪತ್ತಿರಲಿ, ಒಳಗೆ ಅದು ಒಂದು ಓಣಿ. ಆ ಓಣಿಯಲ್ಲಿ ಹಾಸಿಗೆ, ಒಲೆ, ಶೌಚಾಲಯ, ನೀರಿನ ಟ್ಯಾಂಕ್ ಎಲ್ಲಕ್ಕೂ ಸ್ಥಳ ಕೊಟ್ಟ ಮೇಲೆ ಉಳಿಯುವುದು ಮೆಟ್ಟಿಲ ಕೆಳಗಿನ ಪೆಟ್ಟಿಗೆ, ಎಂಜಿನ್ ಪಕ್ಕದ ಕಪಾಟು ಮತ್ತು ಮೂತಿಯ ಕಡೆಯ ಲಾಕರ್ ಅಷ್ಟೆ. ಆದ್ದರಿಂದ ಯಾವುದೇ ವಸ್ತುವಿನ ಬಗ್ಗೆ ನಾನು ಮೊದಲು ಕೇಳಿಕೊಳ್ಳುವುದು, ಇದು ಕೆಟ್ಟರೆ ದೋಣಿ ನಿಂತುಹೋಗುತ್ತದೆಯೇ ಎಂದು; ಆಮೇಲೆ, ನಿಂತರೆ ನಿಂತಲ್ಲಿಯೇ, ಮಳೆಯಲ್ಲಿ, ಟಾರ್ಚ್ ಬೆಳಕಿನಲ್ಲಿ, ಅದನ್ನು ನನ್ನ ಕೈಯಿಂದ ಬದಲಾಯಿಸಲು ಸಾಧ್ಯವೇ ಎಂದು. ಎರಡಕ್ಕೂ ಹೌದು ಎನ್ನಿಸಿದ ವಸ್ತು ದೋಣಿಗೆ ಬರುತ್ತದೆ. ಒಂದಕ್ಕೆ ಮಾತ್ರ ಹೌದು ಎನ್ನಿಸಿದ್ದು ಸಾಮಾನ್ಯವಾಗಿ ದಡದಲ್ಲೇ ಉಳಿಯುತ್ತದೆ.

ಈ ಪರೀಕ್ಷೆಯಲ್ಲಿ ಮೊದಲ ಸ್ಥಾನ ವಿಂಡ್ಲಾಸ್‌ನದು. ಲಾಕ್‌ನ ಪ್ಯಾಡಲ್‌ಗಳನ್ನು, ಅಂದರೆ ನೀರು ಬಿಡುವ ಸಣ್ಣ ಬಾಗಿಲುಗಳನ್ನು, ಎತ್ತಲು ತಿರುಗಿಸುವ ಈ ಎಲ್ ಆಕಾರದ ಹಿಡಿ ಇಲ್ಲದೆ ಲಾಕ್ ದಾಟಲಾಗದು, ಮತ್ತು ಜನ ನೀರಿಗೆ ಬೀಳಿಸಿಕೊಳ್ಳುವ ವಸ್ತುಗಳಲ್ಲಿಯೂ ಅದಕ್ಕೇ ಮೊದಲ ಸ್ಥಾನ. ಕೆಲವು ಕಡೆ ಪ್ಯಾಡಲ್ ದಂಡದ ತುದಿ ದಪ್ಪ, ಕೆಲವು ಕಡೆ ಸಣ್ಣ. ಎರಡು ಅಳತೆಯ ಚೌಕ ತೂತುಗಳಿರುವ ವಿಂಡ್ಲಾಸ್ ತೆಗೆದುಕೊಂಡರೆ ಆ ಚಿಂತೆಯಿಲ್ಲ. ಕನಿಷ್ಠ ಎರಡಿರಬೇಕು, ಮೂರಿದ್ದರೆ ನಿಶ್ಚಿಂತೆ. ಅಲ್ಯೂಮಿನಿಯಂ ವಿಂಡ್ಲಾಸ್ ಹಗುರವಾಗಿದ್ದು ಕೈಗೆ ಹಿತವಾಗಿರುತ್ತದೆ, ವೋರ್ಸ್ಟರ್–ಬರ್ಮಿಂಗ್‌ಹ್ಯಾಮ್ ಕಾಲುವೆಯ ಟಾರ್ಡಿಬಿಗ್‌ನಲ್ಲಿ ಸಾಲಾಗಿ ಬರುವ 30 ಲಾಕ್‌ಗಳನ್ನು ಹತ್ತುವ ದಿನ ಆ ಹಗುರದ ಬೆಲೆ ಗೊತ್ತಾಗುತ್ತದೆ. ಆದರೆ ಅದು ನೀರಿಗೆ ಬಿದ್ದರೆ ಹೋಯಿತು. ಉಕ್ಕಿನದಾದರೆ ಹಗ್ಗಕ್ಕೆ ಕಟ್ಟಿದ ಬಲವಾದ ಅಯಸ್ಕಾಂತವನ್ನು ಬಿದ್ದ ಜಾಗದಲ್ಲಿ ಇಳಿಸಿ ಕೆಸರಿನ ಮೇಲೆ ಮೆಲ್ಲಗೆ ಎಳೆದರೆ ಟಕ್ ಎಂದು ಅಂಟಿಕೊಂಡು ಬರುತ್ತದೆ, ಕೆಲವೊಮ್ಮೆ ಯಾರೋ ಹಿಂದೆಂದೋ ಕಳೆದುಕೊಂಡಿದ್ದೂ ಜೊತೆಗೆ ಬರುವುದುಂಟು. ಅಯಸ್ಕಾಂತಕ್ಕೆ ಅಲ್ಯೂಮಿನಿಯಂ ಸಿಕ್ಕುವುದಿಲ್ಲ. ನನ್ನ ಬಳಿ ಹಗುರದ್ದೊಂದಿದೆ, ಉಳಿದವು ಉಕ್ಕಿನವು, ಅಯಸ್ಕಾಂತ ಹಿಂಬದಿಯ ಪೆಟ್ಟಿಗೆಯಲ್ಲಿದೆ.

ವಿಂಡ್ಲಾಸ್ ಜೊತೆಗೆ ಬೀಗದ ಕೈಗಳು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗಗಳನ್ನು 2012ರಿಂದ ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನ ನೀರಿನ ನಲ್ಲಿ, ಶೌಚ ತೊಟ್ಟಿ ಖಾಲಿ ಮಾಡುವ ಕೋಣೆ, ವಿದ್ಯುತ್ತಿನಿಂದ ತಿರುಗುವ ಕೆಲವು ಸೇತುವೆ ಇವುಗಳಿಗೆಲ್ಲ ಒಂದೇ ಬಗೆಯ ಕೀಲಿಕೈ. ಅದನ್ನು ತೇಲುವ ಬೆಂಡಿಗೆ ಕಟ್ಟಿಡಬೇಕು. ಲೀಡ್ಸ್–ಲಿವರ್‌ಪೂಲ್ ಕಾಲುವೆಯಲ್ಲಿಯೂ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲೂ ಕೆಲವು ಪ್ಯಾಡಲ್‌ಗಳಿಗೆ ಪುಂಡರ ಕೈ ತಾಗದಂತೆ ಬೀಗ ಹಾಕಿರುತ್ತಾರೆ. ಅದಕ್ಕೆ ಟಿ ಆಕಾರದ ಬೇರೆ ಕೈ ಬೇಕು. ಇನ್ನು ಯಾರ್ಕ್‌ಷೈರ್‌ನ ಕಾಲ್ಡರ್ ಅಂಡ್ ಹೆಬಲ್ ಜಲಮಾರ್ಗಕ್ಕೆ ಹೋಗುವವರು ಮೂರು ಇಂಚು ಅಗಲ, ಎರಡು ಇಂಚು ದಪ್ಪದ ಗಟ್ಟಿ ಮರದ ಸನ್ನೆಗೋಲೊಂದನ್ನು ಒಯ್ಯಬೇಕು, ಏಕೆಂದರೆ ಅಲ್ಲಿನ ಹಲವು ಪ್ಯಾಡಲ್‌ಗಳನ್ನು ಇಂದಿಗೂ ಮರದ ಸನ್ನೆಗೋಲು ತೂರಿಸಿ ಮೀಟಿಯೇ ಎತ್ತಬೇಕು. ಆ ಕಡೆ ಹೋಗದವರಿಗೆ ಅದು ಕೇವಲ ಸೌದೆ. ದೋಣಿಯ ಸಾಮಾನು ಪಟ್ಟಿಯನ್ನು ಕಾಲುವೆಯ ಹೆಸರಿಲ್ಲದೆ ಬರೆಯಬಾರದು ಎನ್ನುವುದು ಇದಕ್ಕೇ.

ಹಗ್ಗಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಮೂತಿಗೊಂದು, ಹಿಂಬದಿಗೊಂದು, ಚಾವಣಿಯ ನಡುವಿನಿಂದ ಬರುವುದೊಂದು, ಜೊತೆಗೆ ಒಂದು ಹೆಚ್ಚಿನದು. ನಡುವಿನ ಹಗ್ಗ ಚುಕ್ಕಾಣಿ ಹಿಡಿದವರ ಕೈಗೆ ಎಟುಕುವಷ್ಟು ಉದ್ದವಿರಬೇಕು, ಆದರೆ ಜಾರಿ ನೀರಿಗೆ ಬಿದ್ದರೂ ಪ್ರೊಪೆಲರ್‌ಗೆ ಎಟುಕುವಷ್ಟು ಇರಬಾರದು. ದಡ ಮಣ್ಣಿನದಾದರೆ ಉಕ್ಕಿನ ಗೂಟ ಮತ್ತು ಭಾರದ ಸುತ್ತಿಗೆ ಬೇಕು. ದಡಕ್ಕೆ ಉಕ್ಕಿನ ತಗಡು ಬಡಿದಿದ್ದರೆ ಅದರ ಅಡ್ಡಪಟ್ಟಿಯ ಹಿಂದೆ ಇಳಿಬಿಡುವ ಕೊಕ್ಕೆ ಅಥವಾ ಸರಪಳಿ ಇದ್ದರೆ ಸಾಕು, ಸುತ್ತಿಗೆಯ ಸದ್ದೂ ಇಲ್ಲ. ಚಾವಣಿಯ ಮೇಲೆ ಉದ್ದನೆಯ ಗಳ, ಕೊಕ್ಕೆ ಗಳ ಮತ್ತು ದಾಟುವ ಹಲಗೆ ಇರುತ್ತವೆ. ಹೂಳಿನ ಮೇಲೆ ಕೂತ ದೋಣಿಯನ್ನು ಎಂಜಿನ್‌ನ ಅಬ್ಬರಕ್ಕಿಂತ ಗಳವೇ ಬೇಗ ಬಿಡಿಸುತ್ತದೆ. ದಡದ ಉಜ್ಜಾಟ ತಡೆಯಲು ದೋಣಿಯ ಪಕ್ಕದಲ್ಲಿ ತೂಗುವ ಫೆಂಡರ್‌ಗಳು ಕಟ್ಟಿ ನಿಲ್ಲಿಸಿದಾಗ ಮಾತ್ರ ಇರಬೇಕು. ಏಳಡಿಯ ಲಾಕ್‌ನಲ್ಲಿ ಅವು ಗೋಡೆಗೆ ಸಿಕ್ಕಿ ದೋಣಿಯನ್ನೇ ಬಿಗಿದು ನಿಲ್ಲಿಸಿಬಿಡುತ್ತವೆ. ಚುಕ್ಕಾಣಿಯ ಬಳಿ ಒಂದು ಹರಿತವಾದ ಚಾಕು ಯಾವಾಗಲೂ ಇರಲಿ. ನೀರು ಇಳಿಯುತ್ತಿರುವ ಲಾಕ್‌ನಲ್ಲಿ ಹಗ್ಗ ಸಿಕ್ಕಿಹಾಕಿಕೊಂಡು ದೋಣಿ ನೇತಾಡತೊಡಗಿದರೆ ಗಂಟು ಬಿಚ್ಚುವಷ್ಟು ಪುರುಸೊತ್ತು ಇರುವುದಿಲ್ಲ.

ಕಾಲುವೆಯಲ್ಲಿ ದೋಣಿ ನಿಲ್ಲುವುದಕ್ಕೆ ಅತಿ ಸಾಮಾನ್ಯವಾದ ಕಾರಣ ಎಂಜಿನ್ ಕೆಡುವುದಲ್ಲ, ಪ್ರೊಪೆಲರ್‌ಗೆ ಏನಾದರೂ ಸುತ್ತಿಕೊಳ್ಳುವುದು. ಊರಿನ ಅಂಚಿನ ಸೇತುವೆಗಳ ಕೆಳಗೆ ಪ್ಲಾಸ್ಟಿಕ್ ಚೀಲ, ಹಳೆಯ ಬಟ್ಟೆ, ಮೀನು ಹಿಡಿಯುವವರ ದಾರ, ಹಾಸಿಗೆಯ ತಂತಿ, ಏನು ಬೇಕಾದರೂ ಕಾದಿರುತ್ತದೆ. ಹೊಗೆ ಹೆಚ್ಚುತ್ತದೆ, ಚುಕ್ಕಾಣಿ ನಡುಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಇದಕ್ಕಾಗಿಯೇ ನ್ಯಾರೋಬೋಟ್‌ನ ಹಿಂಬದಿಯಲ್ಲಿ ಪ್ರೊಪೆಲರ್‌ನ ನೇರ ಮೇಲೆ ವೀಡ್ ಹ್ಯಾಚ್ ಎಂಬ ಉಕ್ಕಿನ ಕಿಂಡಿ ಇರುತ್ತದೆ. ಎಂಜಿನ್ ನಿಲ್ಲಿಸಿ, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು, ಹಿಡಿಕೆ ಸಡಿಲಿಸಿ ಮುಚ್ಚಳ ಎತ್ತಿದರೆ ಕೆಳಗೆ ಕಪ್ಪು ನೀರು. ತೋಳನ್ನು ಭುಜದವರೆಗೆ ಇಳಿಸಿ ತಡಕಬೇಕು, ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಬಟ್ಟೆಯಾದರೆ ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ಶಾಫ್ಟ್ ತಿರುಗಿಸುತ್ತ ಎಳೆದರೆ ಬರುತ್ತದೆ. ನೈಲಾನ್ ಅಥವಾ ಪಾಲಿಪ್ರೊಪಿಲೀನ್ ಹಗ್ಗವಾದರೆ ತಿಕ್ಕಾಟದ ಬಿಸಿಗೆ ಕರಗಿ ಶಾಫ್ಟ್‌ನ ಸುತ್ತ ಗಟ್ಟಿ ಬಳೆಯಾಗಿ ಕೂತಿರುತ್ತದೆ, ಅದನ್ನು ತುಂಡುತುಂಡಾಗಿ ಕುಯ್ದೇ ತೆಗೆಯಬೇಕು.

ಈ ಕೆಲಸಕ್ಕೆ ನಾನು ಕಂಡ ಅತ್ಯುತ್ತಮ ಆಯುಧ ಬ್ರೆಡ್ ಕುಯ್ಯುವ ಹಲ್ಲಿನ ಚಾಕು. ಅದರ ಹಿಡಿಗೆ ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಂಡರೆ ಕೈಜಾರಿದರೂ ಕಳೆದುಹೋಗುವುದಿಲ್ಲ. ತಂತಿಗೆ ಕಟ್ಟಿಂಗ್ ಪ್ಲೈಯರ್, ಇನ್ನೂ ದಪ್ಪದ್ದಕ್ಕೆ ಬೋಲ್ಟ್ ಕಟ್ಟರ್, ಉಳಿದದ್ದಕ್ಕೆ ಹ್ಯಾಕ್ಸಾ ಬ್ಲೇಡ್. ತೋಳಿನವರೆಗೆ ಬರುವ ರಬ್ಬರ್ ಕೈಗವಸು ಚಳಿಗಾಲದಲ್ಲಿ ವರದಾನ. ಬೇಸಿಗೆಯಲ್ಲಿಯೂ ಮೀನಿನ ಗಾಳ ಚುಚ್ಚದಿರಲು ಬೇಕೇ ಬೇಕು. ಕೆಲಸ ಮುಗಿದ ಮೇಲೆ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡುವುದು ಕುಯ್ಯುವ ಕೆಲಸಕ್ಕಿಂತ ಮುಖ್ಯ. ಸಡಿಲ ಮುಚ್ಚಳದ ಮೇಲೆ ಗಿಯರ್ ಹಾಕಿದರೆ ಪ್ರೊಪೆಲರ್ ಎಬ್ಬಿಸುವ ನೀರು ನೇರವಾಗಿ ಎಂಜಿನ್ ಕೋಣೆಗೆ ನುಗ್ಗುತ್ತದೆ, ಹಾಗೆ ಮುಳುಗಿದ ದೋಣಿಗಳಿವೆ. ಆ ಮುಚ್ಚಳದ ಅಂಚಿನ ರಬ್ಬರ್ ಪಟ್ಟಿಯ ಒಂದು ಸುರುಳಿ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಇದ್ದರೆ ಒಳ್ಳೆಯದು.

ಎಂಜಿನ್ ವಿಷಯಕ್ಕೆ ಬಂದರೆ, ಸಮುದ್ರದ ದೋಣಿಗಳಿಗಾಗಿ ಬರೆದ ಪಟ್ಟಿಗಳನ್ನು ಹಾಗೆಯೇ ಎತ್ತಿಕೊಳ್ಳುವುದು ವ್ಯರ್ಥ. ಅಂಥ ಪಟ್ಟಿಗಳಲ್ಲಿ ಮೊದಲು ಕಾಣುವುದು ಹೊರಗಿನ ನೀರನ್ನು ಎಂಜಿನ್‌ಗೆ ಎಳೆಯುವ ಪಂಪಿನ ರಬ್ಬರ್ ಇಂಪೆಲರ್. ಹೆಚ್ಚಿನ ನ್ಯಾರೋಬೋಟ್‌ಗಳಲ್ಲಿ ಆ ಪಂಪೇ ಇರುವುದಿಲ್ಲ. ದೋಣಿಯ ಒಡಲಿನ ಒಳಬದಿಗೆ ಬೆಸೆದ ಚಪ್ಪಟೆ ತೊಟ್ಟಿಯೊಂದರಲ್ಲಿ ಎಂಜಿನ್‌ನ ಬಿಸಿನೀರು ಸುತ್ತಿ, ಉಕ್ಕಿನ ತಗಡಿನ ಆಚೆಗಿರುವ ಕಾಲುವೆಯ ನೀರಿಗೆ ಶಾಖ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಇಲ್ಲಿ ಬೇಕಾದುದು ಕೂಲೆಂಟ್, ಒಂದು ಮೀಟರ್ ಹೋಸ್, ಬೇರೆಬೇರೆ ಅಳತೆಯ ಹೋಸ್ ಕ್ಲಿಪ್‌ಗಳು. ಅದಕ್ಕಿಂತಲೂ ಮುಖ್ಯ ಫ್ಯಾನ್ ಬೆಲ್ಟ್. ಬಹಳಷ್ಟು ಎಂಜಿನ್‌ಗಳಲ್ಲಿ ಆಲ್ಟರ್ನೇಟರ್ ಮತ್ತು ಎಂಜಿನ್‌ನ ಒಳಗಿನ ನೀರನ್ನು ಸುತ್ತಿಸುವ ಪಂಪು ಎರಡನ್ನೂ ತಿರುಗಿಸುವುದು ಅದೇ ಬೆಲ್ಟ್ ಆದ್ದರಿಂದ ಅದು ಹರಿದರೆ ಬ್ಯಾಟರಿ ಚಾರ್ಜ್ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಎಂಜಿನ್ ಕಾಯುತ್ತದೆ.

ಒಮ್ಮೆ ಪಕ್ಕದಲ್ಲಿ ದೋಣಿ ಕಟ್ಟಿದ್ದ ಹಿರಿಯರೊಬ್ಬರು ಈ ಬಗ್ಗೆ ಹೇಳಿದ್ದನ್ನು ನಾನು ಅಂದಿನಿಂದ ಪಾಲಿಸುತ್ತಿದ್ದೇನೆ. ಹೊಸ ಬೆಲ್ಟ್ ಕೊಂಡ ದಿನವೇ ಅದನ್ನು ಎಂಜಿನ್‌ಗೆ ಹಾಕಿಬಿಡಿ, ಇನ್ನೂ ಚೆನ್ನಾಗಿರುವ ಹಳೆಯದನ್ನು ಪೆಟ್ಟಿಗೆಯಲ್ಲಿಡಿ ಎಂದರು ಅವರು. ಕೊಂಡ ಬೆಲ್ಟ್ ನಮ್ಮ ಎಂಜಿನ್‌ಗೆ ಕೂರುತ್ತದೆ ಎಂದು ಮನೆಯಂಗಳದಂಥ ಕಟ್ಟುದಡದಲ್ಲೇ ಖಾತ್ರಿಯಾಗುತ್ತದೆ. ಹಳೆಯದು ಕೂರುತ್ತಿತ್ತು ಎಂಬುದಂತೂ ಮೊದಲೇ ಗೊತ್ತು. ಬದಲಾಯಿಸಲು ಯಾವ ಅಳತೆಯ ಸ್ಪ್ಯಾನರ್ ಬೇಕು, ಯಾವ ಬೋಲ್ಟ್ ತುಕ್ಕು ಹಿಡಿದಿದೆ ಎಂಬುದೂ ತಿಳಿಯುತ್ತದೆ. ಅಂಗಡಿಯ ರಟ್ಟಿನ ಹೊದಿಕೆಯಲ್ಲಿ ವರ್ಷಗಟ್ಟಲೆ ಮಲಗಿರುವ ಬೆಲ್ಟ್ ಒಂದು ನಂಬಿಕೆ ಮಾತ್ರ. ಡೀಸೆಲ್ ಫಿಲ್ಟರ್‌ಗೂ ಇದೇ ಮಾತು ಒಪ್ಪುತ್ತದೆ, ಆದರೆ ಅಲ್ಲಿ ಹಳೆಯದನ್ನು ಎಸೆಯಬೇಕು. ಡೀಸೆಲ್ ಟ್ಯಾಂಕಿನಲ್ಲಿ ನೀರು ಸೇರಿದರೆ ಎರಡರ ನಡುವಿನ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರ್ ಕಟ್ಟುತ್ತದೆ, ಮತ್ತು ಒಂದು ಫಿಲ್ಟರ್ ಕಟ್ಟಿದರೆ ಮುಂದಿನದೂ ಕಟ್ಟುವ ಸಾಧ್ಯತೆ ಹೆಚ್ಚು. ಆದ್ದರಿಂದ ಡೀಸೆಲ್ ಫಿಲ್ಟರ್ ಒಂದಲ್ಲ, ಎರಡು ಮೂರು ಇರಬೇಕು. ಫಿಲ್ಟರ್ ಬದಲಿಸಿದ ಮೇಲೆ ಪೈಪಿನಲ್ಲಿ ಸೇರಿದ ಗಾಳಿಯನ್ನು ಹೊರತೆಗೆಯದೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಗಾಳಿ ಬಿಡುವ ತಿರುಪು ಎಲ್ಲಿದೆ ಎಂದು ತಿಳಿಯದವರಿಗೆ ಫಿಲ್ಟರ್ ಇದ್ದೂ ಇಲ್ಲದಂತೆಯೇ.

ಎಂಜಿನ್ ಎಣ್ಣೆ ಮತ್ತು ಗಿಯರ್‌ಬಾಕ್ಸ್ ಎಣ್ಣೆ ಎಷ್ಟೋ ದೋಣಿಗಳಲ್ಲಿ ಬೇರೆಬೇರೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡುವುದು ಲೇಸು. ಥ್ರಾಟಲ್ ಮತ್ತು ಗಿಯರ್ ಕೇಬಲ್‌ಗಳು ಯಾವ ಮುನ್ಸೂಚನೆಯೂ ಇಲ್ಲದೆ ತುಂಡಾಗುವ ಜಾತಿಯವು. ಎರಡಕ್ಕೂ ಒಂದೇ ಬಗೆಯ ತುದಿ ಇದ್ದರೆ, ಎರಡರಲ್ಲಿ ಉದ್ದದ್ದನ್ನು ಇಟ್ಟುಕೊಂಡರೆ ಯಾವುದು ಹೋದರೂ ಕೆಲಸ ನಡೆಯುತ್ತದೆ. ಪ್ರೊಪೆಲರ್ ಶಾಫ್ಟ್ ದೋಣಿಯಿಂದ ಹೊರಗೆ ಹೋಗುವ ಜಾಗದಲ್ಲಿ ನೀರು ಒಳಬಾರದಂತೆ ತಡೆಯುವುದು ಗ್ರೀಸ್ ಹಿಡಿದ ಚೌಕ ಹುರಿಯ ಕೆಲವು ಸುತ್ತುಗಳು. ದಿನದ ಪ್ರಯಾಣ ಮುಗಿದಾಗ ಗ್ರೀಸ್ ಹಿಡಿಕೆಯನ್ನು ಬಿಗಿಯಾಗುವವರೆಗೆ ತಿರುಗಿಸಬೇಕು. ಆಗಲೂ ತೊಟ್ಟಿಕ್ಕುವುದು ನಿಲ್ಲದಿದ್ದರೆ ನಟ್ಟುಗಳನ್ನು ಎರಡೂ ಬದಿ ಸಮವಾಗಿ ಒಂದಿಷ್ಟೇ ಬಿಗಿಯಬೇಕು. ಹಾಗಾಗಿ ಗ್ರೀಸ್ ಡಬ್ಬಿ ಮತ್ತು ಆ ನಟ್ಟಿನ ಅಳತೆಯ ಸ್ಪ್ಯಾನರ್ ದೋಣಿಯಲ್ಲಿರಬೇಕು. ಹುರಿಯನ್ನೇ ಬದಲಿಸುವುದು ನೀರಿನಲ್ಲಿದ್ದಾಗ ಧೈರ್ಯದ ಕೆಲಸ. ನಾನು ಹುರಿ ಇಟ್ಟುಕೊಂಡಿಲ್ಲ, ಅದನ್ನು ಬಲ್ಲವರು ಇಟ್ಟುಕೊಳ್ಳಲಿ. ಬದಲಿಗೆ ದೋಣಿಯ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ಮತ್ತು ನೀರು ಏರಿದಾಗ ಅದನ್ನು ಚಾಲೂ ಮಾಡುವ ಫ್ಲೋಟ್ ಸ್ವಿಚ್ ಮೇಲೆ ಕಣ್ಣಿಡುತ್ತೇನೆ. ಮಾರ್ಜಕವೂ ಎಣ್ಣೆಯೂ ಸೇರಿದ ಕೊಳೆಯಲ್ಲಿ ಆ ಸ್ವಿಚ್ ಅಂಟಿಕೊಳ್ಳುವುದು ಸಾಮಾನ್ಯವಾದ್ದರಿಂದ, ಕೈಯಿಂದ ಎತ್ತಿ ನೋಡುವುದು ಒಂದು ಅಭ್ಯಾಸವಾಗಬೇಕು.

ಒಳಗಿನ ಬದುಕಿಗೆ ಬೇಕಾದುದರಲ್ಲಿ ಹೆಚ್ಚಿನವು ಕೆಟ್ಟರೂ ದೋಣಿ ನಿಲ್ಲುವುದಿಲ್ಲ, ಸಹನೆ ಮಾತ್ರ ಕೆಡುತ್ತದೆ. ನಲ್ಲಿಗೆ ನೀರು ತಳ್ಳುವ 12 ವೋಲ್ಟ್ ಪಂಪ್ ಹೋದರೆ ಟ್ಯಾಂಕ್ ತುಂಬಿದ್ದರೂ ಒಂದು ಲೋಟ ನೀರಿಲ್ಲ. ಅದಕ್ಕೆ ಹೆಚ್ಚಿನ ಪಂಪ್ ಕೊಳ್ಳಬಹುದು, ಇಲ್ಲವೇ ಮುಚ್ಚಳದ ಕ್ಯಾನಿನಲ್ಲಿ ಕುಡಿಯುವ ನೀರನ್ನು ತುಂಬಿಡಬಹುದು. ಸರಕು ಸಾಗಿಸುತ್ತಿದ್ದ ಕಾಲದ ದೋಣಿ ಕುಟುಂಬಗಳು ಸುಮಾರು ಹತ್ತಡಿ ಉದ್ದದ ಹಿಂಬದಿ ಕೋಣೆಯಲ್ಲಿ ಇಡೀ ಸಂಸಾರ ನಡೆಸುತ್ತ, ಗುಲಾಬಿ ಮತ್ತು ಕೋಟೆಗಳ ಚಿತ್ರ ಬರೆದ ನೀರಿನ ಕ್ಯಾನನ್ನು ಚಾವಣಿಯ ಮೇಲೆಯೇ ಇಟ್ಟುಕೊಳ್ಳುತ್ತಿದ್ದವು. ಈಗ ಆ ಕ್ಯಾನುಗಳು ಹೆಚ್ಚಾಗಿ ಅಲಂಕಾರಕ್ಕೆ. ನನಗಂತೂ ಅದರಲ್ಲಿ ನೀರಿರುವುದೇ ಚೆಂದ. ನೀರು ತುಂಬಿಸುವ ಹೋಸ್ ಒಂದೇ ಉದ್ದದ್ದಕ್ಕಿಂತ ಎರಡು ತುಂಡಾಗಿದ್ದು ಜೋಡಿಸುವಂತಿದ್ದರೆ ದೂರದ ನಲ್ಲಿಗೂ ಎಟುಕುತ್ತದೆ. ಫ್ಯೂಸ್, ಬಲ್ಬ್, ಇನ್ಸುಲೇಷನ್ ಟೇಪ್, ತೇವದಿಂದ ಸವೆದ ವೈರಿಗೆ ಕನೆಕ್ಟರ್ ಇವು ಒಂದು ಸಣ್ಣ ಡಬ್ಬಿಯಲ್ಲಿ ಹಿಡಿಸುತ್ತವೆ. ಬಲ್ಬ್ ಎಂದರೆ ಮುಖ್ಯವಾಗಿ ಮೂತಿಯ ದೀಪದ್ದು: 1805ರಲ್ಲಿ ತೆರೆದ ಬ್ಲಿಸ್ವರ್ತ್ ಸುರಂಗ 3,076 ಗಜ ಉದ್ದವಿದೆ, ಒಳಗೆ ನಡೆಯಲು ದಾರಿಯಿಲ್ಲ, ಎದುರಿನಿಂದ ಇನ್ನೊಂದು ದೋಣಿ ಬರಬಹುದು. ಅಲ್ಲಿ ದೀಪ ಹೋದರೆ ಕೈಯಲ್ಲಿ ಹಿಡಿಯುವ ದೊಡ್ಡ ಟಾರ್ಚ್ ಬೇಕು, ಅದರ ಬ್ಯಾಟರಿಯೂ ತುಂಬಿರಬೇಕು.

ಅನಿಲ ಮತ್ತು ಬೆಂಕಿಯ ವಿಷಯದಲ್ಲಿ ನನ್ನ ಎರಡು ಪ್ರಶ್ನೆಗಳ ಪರೀಕ್ಷೆ ನಡೆಯುವುದಿಲ್ಲ, ಅಲ್ಲಿ ನಿಯಮವೇ ಮಾತಾಡುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಬೋಟ್ ಸೇಫ್ಟಿ ಸ್ಕೀಮ್‌ನ ತಪಾಸಣೆಯಲ್ಲಿ ತೇರ್ಗಡೆಯಾಗದ ದೋಣಿಗೆ ಪರವಾನಗಿ ಸಿಗದು. 11 ಮೀಟರಿಗಿಂತ ಉದ್ದದ, ಅಡುಗೆ ಮತ್ತು ಎಂಜಿನ್ ಇರುವ ದೋಣಿಯಲ್ಲಿ ಮೂರು ಅಗ್ನಿಶಾಮಕಗಳು, ಒಲೆಯ ಹತ್ತಿರ ಬೆಂಕಿ ಹೊದಿಕೆ ಇರಬೇಕು. 2019ರ ಏಪ್ರಿಲ್ 1ರಿಂದ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯೂ ಕಡ್ಡಾಯ. ಅದಕ್ಕೂ ಅವಧಿ ಇರುತ್ತದೆ. ಹಿಂಬದಿಯಲ್ಲಿ ಮುದ್ರಿಸಿದ ವರ್ಷ ದಾಟಿದ ಮೇಲೆ ಪರೀಕ್ಷೆಯ ಗುಂಡಿ ಒತ್ತಿದಾಗ ಕೂಗಿದರೂ ಅದನ್ನು ನಂಬಬಾರದು, ಏಕೆಂದರೆ ಗುಂಡಿ ಪರೀಕ್ಷಿಸುವುದು ಸದ್ದನ್ನು, ವಿಷಾನಿಲ ಗುರುತಿಸುವ ಶಕ್ತಿಯನ್ನಲ್ಲ. ಕಲ್ಲಿದ್ದಲಿನ ಒಲೆಯ ಬಾಗಿಲಿನ ಸುತ್ತ ಇರುವ ನಾರಿನ ಹಗ್ಗ ಸವೆದರೆ ಈ ಗಂಟೆಗೆ ಕೆಲಸ ಬರುತ್ತದೆ, ಆದ್ದರಿಂದ ಆ ಹಗ್ಗ ಮತ್ತು ಅದರ ಅಂಟು ನನ್ನ ಪೆಟ್ಟಿಗೆಯ ಖಾಯಂ ಸದಸ್ಯರು. ಅಡುಗೆ ಅನಿಲ ಪ್ರೊಪೇನ್ ಆಗಿರಲಿ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅನಿಲವಾಗಲು ಒಲ್ಲೆನ್ನುತ್ತದೆ. ಸಿಲಿಂಡರ್ ಎರಡಿರಬೇಕು, ಮತ್ತು ಅದರ ನಟ್ಟಿಗೆ ಸರಿಹೊಂದುವ ಸ್ಪ್ಯಾನರ್ ಅನಿಲದ ಲಾಕರ್‌ನಲ್ಲೇ ತೂಗಿರಬೇಕು. ಆ ನಟ್ಟಿನ ತಿರುಪು ಎಡಗಡೆಯದು, ಅಂದರೆ ಸಾಮಾನ್ಯ ನಟ್ಟಿಗೆ ವಿರುದ್ಧ ದಿಕ್ಕಿನದು; ಚಳಿಯ ರಾತ್ರಿ ಸಿಲಿಂಡರ್ ಖಾಲಿಯಾದಾಗ ತಿರುಗಿಸುವ ಕೈಗೆ ಇದನ್ನು ನೆನಪಿಸಬೇಕಾಗುತ್ತದೆ.

ಕಾಲುವೆಯಿಂದ ನದಿಗೆ ಇಳಿದರೆ ಪಟ್ಟಿ ಬದಲಾಗುತ್ತದೆ. ಟ್ರೆಂಟ್ ಅಂಡ್ ಮರ್ಸಿ ಕಾಲುವೆ ಡರ್ವೆಂಟ್ ಮೌತ್‌ನಲ್ಲಿ ಟ್ರೆಂಟ್ ನದಿಯನ್ನು ಸೇರುತ್ತದೆ. ಕಾಲುವೆಯಲ್ಲಿ ಎಂಜಿನ್ ನಿಂತರೆ ದೋಣಿಯೂ ನಿಲ್ಲುತ್ತದೆ. ನದಿಯಲ್ಲಿ ಎಂಜಿನ್ ನಿಂತರೂ ದೋಣಿ ಹೋಗುತ್ತಲೇ ಇರುತ್ತದೆ, ಎಷ್ಟೋ ಕಡೆ ಅಣೆಕಟ್ಟೆಯ ಕಡೆಗೇ. ಅಲ್ಲಿ ಲಂಗರು ಅಲಂಕಾರವಲ್ಲ. ದೋಣಿಯ ತೂಕಕ್ಕೆ ತಕ್ಕ ಲಂಗರು, ಅದಕ್ಕೆ ಸರಪಳಿ, ಸರಪಳಿಗೆ ನೀರಿನ ಆಳದ ಹಲವು ಪಟ್ಟು ಉದ್ದದ ಹಗ್ಗ, ಹಗ್ಗದ ತುದಿ ದೋಣಿಯ ಗಟ್ಟಿ ಕೊಂಡಿಗೆ: ಇಷ್ಟೂ ನದಿಗೆ ಇಳಿಯುವ ಮುನ್ನವೇ ಜೋಡಿಯಾಗಿರಬೇಕು. ಲಾಕರ್‌ನ ತಳದಲ್ಲಿ, ಕಲ್ಲಿದ್ದಲ ಚೀಲಗಳ ಕೆಳಗೆ, ಸರಪಳಿಯಿಲ್ಲದೆ ಮಲಗಿರುವ ಲಂಗರನ್ನು ಎಷ್ಟೋ ದೋಣಿಗಳಲ್ಲಿ ನೋಡಿದ್ದೇನೆ. ಜೀವರಕ್ಷಕ ಜಾಕೆಟ್‌ಗಳೂ ಹಾಗೆಯೇ, ನದಿಯ ಮೇಲೆ ಮೈಮೇಲಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ನಾನು ದೋಣಿಯಿಂದ ಇಳಿಸಿದ ವಸ್ತುಗಳನ್ನೂ ಹೇಳಬೇಕು. ಹೆಚ್ಚುವರಿ ಸ್ಟಾರ್ಟರ್ ಮೋಟಾರ್ ಭಾರ, ದುಬಾರಿ, ಅಪರೂಪಕ್ಕೆ ಕೆಡುವಂಥದ್ದು. ಅದು ಬೇಕಾದ ದಿನ ಮೆಕ್ಯಾನಿಕ್ ಕೂಡ ಬೇಕಾಗುತ್ತಾನೆ, ಅವನೇ ತರಲಿ. ಹೆಚ್ಚುವರಿ ಪ್ರೊಪೆಲರ್ ಅನ್ನು ನೀರಿನಲ್ಲಿ ನಾನಂತೂ ಜೋಡಿಸಲಾರೆ. ಇಂಚಿನ ಅಳತೆಯ ಸ್ಪ್ಯಾನರ್‌ಗಳ ಪೂರ್ಣ ಪೆಟ್ಟಿಗೆಯನ್ನು, ಎಂಜಿನ್ ಮೆಟ್ರಿಕ್ ಅಳತೆಯದು ಎಂದು ಖಚಿತವಾದ ಮೇಲೆ ಕೊಟ್ಟುಬಿಟ್ಟೆ. ಅವುಗಳ ಜಾಗಕ್ಕೆ ಬಂದದ್ದು ಒಂದು ನೋಟ್‌ಬುಕ್. ಎಂಜಿನ್‌ನ ಕ್ರಮಸಂಖ್ಯೆ, ಬೆಲ್ಟ್ ಮತ್ತು ಫಿಲ್ಟರ್‌ಗಳ ಭಾಗಸಂಖ್ಯೆ, ಕೇಬಲ್‌ಗಳ ಉದ್ದ, ಯಾವ ನಟ್ಟಿಗೆ ಯಾವ ಸ್ಪ್ಯಾನರ್, ಎಣ್ಣೆ ಬದಲಿಸಿದಾಗ ಮೀಟರ್ ತೋರಿಸಿದ ಗಂಟೆಗಳು ಎಲ್ಲವೂ ಅದರಲ್ಲಿವೆ. ಅಂಗಡಿಗೆ ಫೋನ್ ಮಾಡಿ ಭಾಗಸಂಖ್ಯೆ ಓದಿ ಹೇಳಿದರೆ ಮುಂದಿನ ಊರಿನ ಕಟ್ಟುದಡಕ್ಕೆ ಸಾಮಾನು ಬಂದಿರುತ್ತದೆ, ನಾವು ತಲುಪುವುದಕ್ಕಿಂತ ಮೊದಲೇ.